ಅತಿಥಿಗಳ ತಾರಾ ಅಂಕ ಮತ್ತು ಹೋಂಸ್ಟೇ ಆತಿಥೇಯರು

ಅತಿಥಿಗಳ ತಾರಾ ಅಂಕ ಎಂಬುದು ಹೋಂಸ್ಟೇ ಅಥವಾ ಅಲ್ಪಾವಧಿಯ ಬಾಡಿಗೆ ಮನೆಯಲ್ಲಿ ತಂಗಿದವರು ವಾಸ್ತವ್ಯ ಮುಗಿದ ನಂತರ ಅಂತರಜಾಲದ ಮೂಲಕ ನೀಡುವ ಮೌಲ್ಯಮಾಪನವಾಗಿದೆ. ಸಾಮಾನ್ಯವಾಗಿ ಇದನ್ನು ಒಂದರಿಂದ ಐದು ನಕ್ಷತ್ರಗಳಲ್ಲಿ ಸೂಚಿಸಲಾಗುತ್ತದೆ. ಮುಂದಿನ ಪ್ರವಾಸಿಗರು ಮನೆಯನ್ನು ಆಯ್ಕೆ ಮಾಡುವಾಗ ಮೊದಲು ನೋಡುವ ಅಂಶಗಳಲ್ಲಿ ಈ ಅಂಕವೂ ಒಂದು. ಆದ್ದರಿಂದ ಇದು ಆತಿಥೇಯರ ಆದಾಯ, ದರ ಮತ್ತು ದಿನನಿತ್ಯದ ನಡವಳಿಕೆಯ ಮೇಲೆ ನೇರ ಪರಿಣಾಮ ಬೀರುತ್ತದೆ. ವರ್ಷವಿಡೀ ಪ್ರವಾಸಿಗರು ಬರುವ ಊರುಗಳಿಗಿಂತ, ವಾರಾಂತ್ಯದಲ್ಲಿ ಮಾತ್ರ ಕೆಲವರು ಬಂದು ಹೋಗುವ ಊರುಗಳಲ್ಲಿ ಈ ಪರಿಣಾಮ ಹೆಚ್ಚು ತೀವ್ರವಾಗಿರುತ್ತದೆ. ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಇಂತಹ ಪ್ರದೇಶಕ್ಕೆ ಉದಾಹರಣೆಯಾಗಿವೆ.

ಅಂಕ ನೀಡುವ ವಿಧಾನ

2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಏರ್‌ಬಿಎನ್‌ಬಿ ಈ ಕ್ಷೇತ್ರದ ಪ್ರಮುಖ ಜಾಲತಾಣ. ಇದರಲ್ಲಿ ಅತಿಥಿಯು ಒಟ್ಟಾರೆ ಅಂಕದ ಜೊತೆಗೆ ಸ್ವಚ್ಛತೆ, ವಿವರಣೆಯ ನಿಖರತೆ, ಮನೆ ಪ್ರವೇಶದ ವ್ಯವಸ್ಥೆ, ಸಂವಹನ, ಸ್ಥಳ ಮತ್ತು ಕೊಟ್ಟ ಹಣಕ್ಕೆ ದೊರೆತ ಮೌಲ್ಯ ಎಂಬ ಆರು ವಿಭಾಗಗಳಲ್ಲಿಯೂ ಅಂಕ ನೀಡುತ್ತಾನೆ. ಒಟ್ಟಾರೆ ಅಂಕವು ಈ ಆರರ ಸರಾಸರಿಯಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಲಾಗುತ್ತದೆ. ಹೀಗಾಗಿ ಆರೂ ವಿಭಾಗಗಳಲ್ಲಿ ಐದು ಪಡೆದ ಮನೆಗೆ ಒಟ್ಟಾರೆ ನಾಲ್ಕು ಬರುವುದು ಸಾಧ್ಯ. ಬುಕಿಂಗ್ ಡಾಟ್ ಕಾಮ್ ಹತ್ತು ಅಂಕಗಳ ಮಾಪನವನ್ನು ಬಳಸಿದರೆ, ಗೂಗಲ್ ನಕ್ಷೆಯು ಐದು ನಕ್ಷತ್ರಗಳನ್ನು ಬಳಸುತ್ತದೆ.

ಏರ್‌ಬಿಎನ್‌ಬಿಯಲ್ಲಿ ಅತಿಥಿ ಮತ್ತು ಆತಿಥೇಯ ಇಬ್ಬರಿಗೂ ಪರಸ್ಪರ ವಿಮರ್ಶೆ ಬರೆಯಲು 14 ದಿನಗಳ ಅವಕಾಶವಿದೆ. 2014ರಿಂದ, ಇಬ್ಬರೂ ಬರೆದ ನಂತರ ಅಥವಾ ಅವಧಿ ಮುಗಿದ ನಂತರವೇ ಎರಡೂ ವಿಮರ್ಶೆಗಳು ಪ್ರಕಟವಾಗುತ್ತವೆ. ಎದುರಿನವರು ಬರೆದುದನ್ನು ನೋಡಿ ಸೇಡಿನಿಂದ ಅಂಕ ಕಡಿತಗೊಳಿಸುವುದನ್ನು ಮತ್ತು ಅದೇ ಭಯದಿಂದ ಸುಳ್ಳು ಹೊಗಳಿಕೆ ಬರೆಯುವುದನ್ನು ತಡೆಯುವುದು ಇದರ ಉದ್ದೇಶ.

ನಾಲ್ಕು ನಕ್ಷತ್ರದ ಸಮಸ್ಯೆ

ಭಾರತದಲ್ಲಿ ನಕ್ಷತ್ರ ಎಂಬ ಪದಕ್ಕೆ ಮೊದಲೇ ಒಂದು ಅರ್ಥವಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಹೋಟೆಲುಗಳನ್ನು ಸೌಲಭ್ಯಗಳ ಆಧಾರದಲ್ಲಿ ಒಂದರಿಂದ ಐದು ನಕ್ಷತ್ರಗಳ ದರ್ಜೆಗಳಾಗಿ ವರ್ಗೀಕರಿಸುತ್ತದೆ. ಈ ಕ್ರಮದಲ್ಲಿ ಮೂರು ನಕ್ಷತ್ರದ ಹೋಟೆಲ್ ಎಂದರೆ ಉತ್ತಮ ಹೋಟೆಲ್ ಎಂದೇ ಭಾವನೆ. ಹೋಂಸ್ಟೇಗಳಿಗೆ ಸಚಿವಾಲಯದ ಯೋಜನೆಯಲ್ಲಿ ನಕ್ಷತ್ರಗಳಿಲ್ಲ. ಚಿನ್ನ ಮತ್ತು ಬೆಳ್ಳಿ ಎಂಬ ಎರಡು ದರ್ಜೆಗಳಿವೆ. ಶಾಲಾ ಪರೀಕ್ಷೆಯ ಅಭ್ಯಾಸವುಳ್ಳವರಿಗಂತೂ ಐದಕ್ಕೆ ನಾಲ್ಕು ಎಂದರೆ ಶೇಕಡಾ 80, ಅಂದರೆ ಉನ್ನತ ಶ್ರೇಣಿ.

ಜಾಲತಾಣದ ಲೆಕ್ಕ ಬೇರೆ. ಏರ್‌ಬಿಎನ್‌ಬಿಯ ‘ಸೂಪರ್‌ಹೋಸ್ಟ್’ ಮನ್ನಣೆಗೆ ಕಳೆದ ಒಂದು ವರ್ಷದ ಸರಾಸರಿ ಅಂಕ ಕನಿಷ್ಠ 4.8 ಇರಬೇಕು. ಜೊತೆಗೆ ಕನಿಷ್ಠ 10 ವಾಸ್ತವ್ಯಗಳು (ಅಥವಾ ಕನಿಷ್ಠ ಮೂರು ವಾಸ್ತವ್ಯಗಳಲ್ಲಿ ಒಟ್ಟು 100 ರಾತ್ರಿಗಳು), ಶೇಕಡಾ 90ರಷ್ಟು ಪ್ರತಿಕ್ರಿಯೆ ಪ್ರಮಾಣ ಮತ್ತು ಶೇಕಡಾ 1ಕ್ಕಿಂತ ಕಡಿಮೆ ರದ್ದತಿ ಇರಬೇಕು. ಮೂರು ತಿಂಗಳಿಗೊಮ್ಮೆ ಇದರ ಪರಿಶೀಲನೆ ನಡೆಯುತ್ತದೆ. ಅಂದರೆ, ಮನಃಪೂರ್ವಕವಾಗಿ ಮೆಚ್ಚಿ ನಾಲ್ಕು ನಕ್ಷತ್ರ ಕೊಟ್ಟ ಅತಿಥಿಯು ತನಗರಿವಿಲ್ಲದೆಯೇ ಆತಿಥೇಯರನ್ನು ಕೆಳಗೆ ಎಳೆದಿರುತ್ತಾನೆ.

ಬೋಸ್ಟನ್ ವಿಶ್ವವಿದ್ಯಾಲಯದ ಜಾರ್ಜಿಯೋಸ್ ಝೆರ್ವಾಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏರ್‌ಬಿಎನ್‌ಬಿಯ ಸುಮಾರು ಶೇಕಡಾ 95ರಷ್ಟು ಮನೆಗಳ ಸರಾಸರಿ ಅಂಕ ನಾಲ್ಕೂವರೆ ಅಥವಾ ಐದು ನಕ್ಷತ್ರವಾಗಿತ್ತು. ಬಹುತೇಕ ಎಲ್ಲರೂ ಮೇಲ್ತುದಿಯಲ್ಲಿಯೇ ಇರುವುದರಿಂದ, ದಶಮಾಂಶದ ಸಣ್ಣ ವ್ಯತ್ಯಾಸಗಳೇ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುತ್ತವೆ.

ಕಡಿಮೆ ಅತಿಥಿಗಳಿರುವ ಊರುಗಳು

ಮಧುಗಿರಿಯ ಏಕಶಿಲಾ ಬೆಟ್ಟ ಮತ್ತು ಕೋಟೆ, ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ ಹಾಗೂ ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಾಲಯ, ಪಾವಗಡದ ಶನಿಮಹಾತ್ಮ ದೇವಾಲಯ, ಶಿರಾದ ಮಲಿಕ್ ರಿಹಾನ್ ದರ್ಗಾ ಮತ್ತು ಸಮೀಪದ ಕಗ್ಗಲಡು ಪಕ್ಷಿಧಾಮ ಈ ಭಾಗದ ಪ್ರಮುಖ ಆಕರ್ಷಣೆಗಳು. ಮಧುಗಿರಿಯು ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿದ್ದು, ಚಾರಣಿಗರು ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಶನಿವಾರ ಪಾವಗಡಕ್ಕೆ ಬರುವ ಭಕ್ತರೂ ದರ್ಶನ ಮುಗಿಸಿ ಅಂದೇ ಹಿಂತಿರುಗುವುದುಂಟು. ಕೊಡಗು, ಚಿಕ್ಕಮಗಳೂರುಗಳಲ್ಲಿರುವಷ್ಟು ಹೋಂಸ್ಟೇಗಳು ಇಲ್ಲಿಲ್ಲ; ತಂಗುವ ಅತಿಥಿಗಳ ಸಂಖ್ಯೆಯೂ ಕಡಿಮೆ.

ಇಂತಹ ಊರಿನಲ್ಲಿ ಸರಾಸರಿಯ ಗಣಿತ ಆತಿಥೇಯರಿಗೆ ಪ್ರತಿಕೂಲವಾಗಿ ಕೆಲಸ ಮಾಡುತ್ತದೆ. ತೋಟದ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವ ಕುಟುಂಬಕ್ಕೆ ತಿಂಗಳಿಗೆ ಎರಡು ಬುಕಿಂಗ್ ಬರುತ್ತದೆ ಎಂದು ಭಾವಿಸೋಣ. ವರ್ಷದ 24 ಅತಿಥಿಗಳಲ್ಲಿ ಅರ್ಧದಷ್ಟು ಮಂದಿ ಅಂಕ ನೀಡಿದರೆ ದೊರೆಯುವುದು 12 ಅಂಕಗಳು. ಅವುಗಳಲ್ಲಿ ಹತ್ತು ಮಂದಿ ಐದು, ಒಬ್ಬರು ನಾಲ್ಕು, ಇನ್ನೊಬ್ಬರು ಮೂರು ಕೊಟ್ಟರೆ ಸರಾಸರಿ 4.75ಕ್ಕೆ ಇಳಿಯುತ್ತದೆ, ಮನ್ನಣೆ ಕೈತಪ್ಪುತ್ತದೆ. ಒಂದೇ ಒಂದು ನಕ್ಷತ್ರದ ವಿಮರ್ಶೆ ಬಂದರೆ, ಸರಾಸರಿಯನ್ನು 4.8ಕ್ಕೆ ತರಲು ಅದರೊಡನೆ ಐದು ನಕ್ಷತ್ರದ 19 ವಿಮರ್ಶೆಗಳು ಬೇಕು. ಈ ಕುಟುಂಬಕ್ಕೆ ಅದು ಒಂದೂವರೆ ವರ್ಷಕ್ಕೂ ಹೆಚ್ಚಿನ ಕೆಲಸ. ವರ್ಷಕ್ಕೆ 100 ವಿಮರ್ಶೆ ಪಡೆಯುವ ಮನೆಯಲ್ಲಿ, ಉಳಿದವರೆಲ್ಲ ಐದು ಕೊಟ್ಟಿದ್ದರೆ, ಅದೇ ಒಂದು ನಕ್ಷತ್ರ ಬಂದ ಮೇಲೂ ಸರಾಸರಿ 4.96 ಇರುತ್ತದೆ. ಇಬ್ಬರ ಆತಿಥ್ಯದಲ್ಲಿ ವ್ಯತ್ಯಾಸವಿಲ್ಲ, ಬಂದವರ ಸಂಖ್ಯೆಯಲ್ಲಿ ಮಾತ್ರ ವ್ಯತ್ಯಾಸವಿದೆ.

ಆತಿಥೇಯರ ಕೈಮೀರಿದ ಸಂಗತಿಗಳೂ ಅಂಕದಲ್ಲಿ ಸೇರುತ್ತವೆ. ‘ಸ್ಥಳ’ ಎಂಬ ವಿಭಾಗವನ್ನು ಯಾವ ಆತಿಥೇಯರೂ ಸುಧಾರಿಸಲಾರರು. ಮನೆ ಇದ್ದಲ್ಲಿಯೇ ಇರುತ್ತದೆ. ಬೇಸಿಗೆಯ ಸೆಕೆ, ಕೊಳವೆಬಾವಿಯ ಗಡಸು ನೀರು, ವಿದ್ಯುತ್ ಕಡಿತ, ದುರ್ಬಲ ಮೊಬೈಲ್ ಸಂಕೇತ ಇವೆಲ್ಲವೂ ಮನೆಯವರ ಲೆಕ್ಕಕ್ಕೆ ಜಮೆಯಾಗುತ್ತವೆ. ಪಾವಗಡ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ದಶಕಗಳಿಂದ ತಿಳಿದ ಸಂಗತಿ. ಅಲ್ಲಿ ಕುಡಿಯಲು ಶುದ್ಧೀಕರಿಸಿದ ನೀರನ್ನು ತಂದಿಡುವುದು ಆತಿಥೇಯರಿಗೆ ಹೆಚ್ಚುವರಿ ಖರ್ಚು.

ಇನ್ನೊಂದೆಡೆ, ಇಂತಹ ಮನೆಗಳ ನಿಜವಾದ ಬಲಕ್ಕೆ ಪ್ರತ್ಯೇಕ ಅಂಕವೇ ಇಲ್ಲ. ಮೇಲೆ ಹೇಳಿದ ಆರು ವಿಭಾಗಗಳಲ್ಲಿ ಊಟ ಸೇರಿಲ್ಲ. ರಾಗಿಮುದ್ದೆ, ಬಸ್ಸಾರು ಉಣಬಡಿಸಿದ ಶ್ರಮ ಅತಿಥಿಯ ಬರಹದಲ್ಲಿ ಅಥವಾ ಒಟ್ಟಾರೆ ಅಂಕದಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು.

ಆದಾಯ ಮತ್ತು ದರ

ಏರ್‌ಬಿಎನ್‌ಬಿಯು ಹುಡುಕಾಟದ ಫಲಿತಾಂಶಗಳನ್ನು ಜೋಡಿಸುವಾಗ ಮನೆಯ ಗುಣಮಟ್ಟ, ಜನಪ್ರಿಯತೆ ಮತ್ತು ದರಗಳನ್ನು ಪರಿಗಣಿಸುತ್ತದೆ. ಗುಣಮಟ್ಟದ ಲೆಕ್ಕದಲ್ಲಿ ಅತಿಥಿಗಳ ಅಂಕವೂ ಸೇರುತ್ತದೆ. ಅಂಕ ಇಳಿದಾಗ ಮನೆ ಪಟ್ಟಿಯಲ್ಲಿ ಕೆಳಗೆ ಸರಿಯಬಹುದು, ಬುಕಿಂಗ್ ಕಡಿಮೆಯಾಗಬಹುದು. ಬುಕಿಂಗ್ ಕಡಿಮೆಯಾದರೆ ಅಂಕ ಸರಿಪಡಿಸಿಕೊಳ್ಳುವ ಅವಕಾಶವೂ ಕಡಿಮೆಯಾಗುತ್ತದೆ. ಇದರಿಂದ ಹೊರಬರಲು ದರ ಇಳಿಸುವುದು ಸುಲಭದ ದಾರಿಯಾಗಿ ತೋರುತ್ತದೆ. ಅಂಕ ಬಹಳ ಕೆಳಗಿಳಿದ ಮನೆಗಳನ್ನು ಜಾಲತಾಣವು ಪಟ್ಟಿಯಿಂದಲೇ ತೆಗೆದುಹಾಕಬಹುದು. ಮೂರು ಅತಿಥಿಗಳ ಅಂಕ ಸೇರುವವರೆಗೆ ಸರಾಸರಿ ಪ್ರದರ್ಶಿತವಾಗುವುದಿಲ್ಲವಾದ್ದರಿಂದ, ಹೊಸಬರು ಮೊದಲ ಅತಿಥಿಗಳಿಗೆ ರಿಯಾಯಿತಿ ನೀಡುವುದು ವಾಡಿಕೆ.

ನಡವಳಿಕೆಯ ಮೇಲಿನ ಪರಿಣಾಮ

ಸೇವೆಯ ಭಾಗವಾಗಿ ಭಾವನೆಗಳನ್ನು ನಿಯಂತ್ರಿಸಿಕೊಳ್ಳುವುದನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ‘ಭಾವನಾತ್ಮಕ ದುಡಿಮೆ’ ಎಂದು ಕರೆದರು. ಹೋಟೆಲಿನ ಸಿಬ್ಬಂದಿ ಪಾಳಿ ಮುಗಿಸಿ ಮನೆಗೆ ಹೋಗುತ್ತಾರೆ. ಹೋಂಸ್ಟೇ ನಡೆಸುವವರಿಗೆ ಮನೆಯೇ ಕೆಲಸದ ಜಾಗ. ತಡರಾತ್ರಿ ಗದ್ದಲ ಮಾಡುವ ಅಥವಾ ನಿಗದಿಗಿಂತ ಹೆಚ್ಚು ಜನರನ್ನು ಕರೆತರುವ ಅತಿಥಿಗೆ ಆಕ್ಷೇಪ ಹೇಳಿದರೆ ಅಂಕ ಹೋದೀತೆಂಬ ಅಳುಕು ಇರುತ್ತದೆ. ಮನೆಯ ಅಡುಗೆ, ಸ್ನಾನಗೃಹ, ಮಾತಿನ ಧಾಟಿಗಳ ಬಗ್ಗೆ ಅಪರಿಚಿತರು ಬರೆದುದನ್ನು ನೆಂಟರಿಷ್ಟರೂ ಓದಬಹುದಾದ್ದರಿಂದ, ನಷ್ಟವು ಹಣಕ್ಕೆ ಸೀಮಿತವಾಗಿ ಉಳಿಯುವುದಿಲ್ಲ.

ಭಾಷೆಯೂ ಒಂದು ತೊಡಕು. ವಿಮರ್ಶೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಆತಿಥ್ಯ ಮಾಡುವ ತಾಯಿತಂದೆಯರ ಪರವಾಗಿ ನಗರದಲ್ಲಿರುವ ಮಕ್ಕಳು ಖಾತೆ ನೋಡಿಕೊಳ್ಳುವ ಮನೆಗಳಲ್ಲಿ, ಅಡುಗೆ ಮಾಡಿದವರೇ ಹೊಗಳಿಕೆಯನ್ನೂ ದೂರನ್ನೂ ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗುತ್ತದೆ.

ಪರಿಹಾರ ಮತ್ತು ನಿಯಮಗಳು

ಪ್ರಕಟವಾದ ವಿಮರ್ಶೆಗೆ ಆತಿಥೇಯರು 30 ದಿನಗಳೊಳಗೆ ಸಾರ್ವಜನಿಕ ಉತ್ತರ ಬರೆಯಬಹುದು. ಬೆದರಿಕೆಯೊಡ್ಡಿ ಬರೆದ, ಸೇಡಿನ ಅಥವಾ ವಾಸ್ತವ್ಯಕ್ಕೆ ಸಂಬಂಧಿಸದ ವಿಮರ್ಶೆಯನ್ನು ತೆಗೆಯುವಂತೆ ಜಾಲತಾಣವನ್ನು ಕೋರಬಹುದು. ಕೇವಲ ಅನ್ಯಾಯವೆನಿಸಿತು ಎಂಬ ಕಾರಣಕ್ಕೆ ಅಂಕವನ್ನು ತೆಗೆಯುವುದಿಲ್ಲ.

ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಅಂತರಜಾಲದ ಗ್ರಾಹಕ ವಿಮರ್ಶೆಗಳ ಸಂಗ್ರಹ, ಪರಿಶೀಲನೆ ಮತ್ತು ಪ್ರಕಟಣೆಗೆ ಐಎಸ್ 19000:2022 ಎಂಬ ಮಾನಕವನ್ನು ಹೊರತಂದಿತು. ಸ್ವಯಂಪ್ರೇರಿತ ಪಾಲನೆಗಾಗಿ ರೂಪಿಸಲಾದ ಇದು ಪ್ರವಾಸ ಮತ್ತು ವಸತಿ ಸೇವೆಗಳ ವಿಮರ್ಶೆಗಳಿಗೂ ಅನ್ವಯಿಸುತ್ತದೆ. ಹಣ ಕೊಟ್ಟು ಬರೆಸಿದ ಅಥವಾ ಸುಳ್ಳು ವಿಮರ್ಶೆಗಳನ್ನು ತಡೆಯುವುದು ಇದರ ಮುಖ್ಯ ಗುರಿ. ನಿಜವಾಗಿ ತಂಗಿದ ಅತಿಥಿಯು ಪ್ರಾಮಾಣಿಕವಾಗಿ ಕೊಟ್ಟ ಮೂರು ನಕ್ಷತ್ರ ಇದರ ವ್ಯಾಪ್ತಿಯಲ್ಲಿ ತಪ್ಪಲ್ಲ.