ಸಿಮೆಂಟಿನ ಕುಂಬಾರ, ಹಸಿಮಣ್ಣಿನ ಎತ್ತು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ ತಿನ್ನಲೆಂದು ನಿಂತವನ ಕಣ್ಣಿಗೆ ಬಿದ್ದದ್ದು ಎತ್ತುಗಳು. ಗೋಣಿತಟ್ಟಿನ ಮೇಲೆ ಸಾಲುಗಟ್ಟಿದ ಹಸಿಮಣ್ಣಿನ ಎತ್ತುಗಳು, ಜೋಡಿಗೊಂದು ಗ್ವಾದಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೆರಡೇ ದಿನ. ಮಾರುತ್ತಿದ್ದ ಆಯಿಗೆ ಎಪ್ಪತ್ತು ದಾಟಿರಬೇಕು. ಮಾತಿಗೆ ಮಾತು ಬೆಳೆದು, ನಾಳೆ ಭಾನುವಾರ ಮನೆಮಂದಿಯೆಲ್ಲ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೊರಟಿದ್ದೇವೆ ಎಂದೆ.

‘ಅಲ್ಲೆ ನಮ್ಮ ಕುಂಬಾರನ್ನೂ ಕುಂದ್ರಿಸ್ಯಾರಂತಲ್ಲೋ ತಮ್ಮಾ? ಹೋದ್ರ ಒಂದ್ ನೋಡ್ಕೊಂಡ ಬಾ. ಅವನ ಒಂದ ಕೈ ಗಡಿಗಿ ಒಳಗ ಐತೇನು, ಇಲ್ಲೇನು?’

ಯಾಕೆ ಎಂದು ಕೇಳಿದ್ದೇ ತಡ, ಗಿರಾಕಿಗಳನ್ನೂ ಮರೆತು ಆಯಿ ಕೈಯಾಡಿಸಿ ತೋರಿಸತೊಡಗಿದರು. ಕೆರೆಯ ಮಣ್ಣು ತಂದು, ಹಳ್ಳು ಆರಿಸಿ, ನೆನೆಹಾಕಿ, ಬೂದಿ ಕೂಡಿಸಿ ತುಳಿಯಬೇಕು. ತಿಗರಿಯ ಮೇಲೆ ಏಳುವುದು ಗಡಿಗೆಯಲ್ಲ, ಬರೀ ಕೊರಳು ಮತ್ತು ದಪ್ಪನೆಯ ಮೈ. ತಳವೇ ಇರುವುದಿಲ್ಲ! ಅರ್ಧ ಆರಿದ ಮೇಲೆ ಒಳಗೆ ಗುಂಡನೆಯ ಕಲ್ಲು ಹಿಡಿದು, ಹೊರಗಿನಿಂದ ಕಟ್ಟಿಗೆಯ ಹಲಗೆಯಲ್ಲಿ ಬಡಿಯುತ್ತ ಹೋದರೆ ಮೈ ತೆಳುವಾಗಿ ಹಿಗ್ಗುತ್ತದೆ, ತಳ ತಾನೇ ಕೂಡಿಕೊಳ್ಳುತ್ತದೆ. ಒಳಗಿನ ಕೈ ಕಣ್ಣಿಗೆ ಕಾಣುವುದಿಲ್ಲ. ಗಡಿಗೆ ನಿಲ್ಲುವುದು ಮಾತ್ರ ಅದರಿಂದಲೇ. ಗಂಡ ಬಡಿಯುವ ಸಪ್ಪಳ ಕೇಳಿಯೇ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಒಳಗಿನಿಂದಲೇ ಹೇಳುತ್ತಿದ್ದರಂತೆ ಆಯಿ. ಆ ಬಡಿತಕ್ಕೇ ಶಿವ ಮನಸೋತು ಕುಣಿದ ಎಂದು ಹರಿಹರ ಕುಂಬಾರ ಗುಂಡಯ್ಯನ ರಗಳೆ ಬರೆದದ್ದು. ಆವಿಗೆಯ ಬಗ್ಗೆ ಕೇಳಿದರೆ ಮಾತ್ರ ಆಯಿ ಒಂದೇ ಮಾತಿನಲ್ಲಿ ಮುಗಿಸಿದರು: ‘ಕುಳ್ಳು ಹಾಕೂದು, ದೇವರ ಮ್ಯಾಲೆ ಬಿಡೂದು.’

ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ವರೂರು ದಾಟಿ ಸುಮಾರು 40 ಕಿ.ಮೀ. ಹೋದರೆ ಗೊಟಗೋಡಿ, ಶಿಗ್ಗಾವಿ ತಾಲ್ಲೂಕು, ಹಾವೇರಿ ಜಿಲ್ಲೆ. 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇಲ್ಲಿಯೇ. ರಾಕ್ ಗಾರ್ಡನ್ ಕಟ್ಟಿದವರು ಇದೇ ಸೀಮೆಯ ಕಲಾವಿದ ಟಿ.ಬಿ. ಸೊಲಬಕ್ಕನವರ. ದೊಡ್ಡಾಟದ ಹುಚ್ಚಿದ್ದ ಮನುಷ್ಯ, 2020ರಲ್ಲಿ ತೀರಿಕೊಂಡರು. ಹುಲ್ಲುಹಾಸು, ಗಿಡಮರಗಳ ನಡುವೆ ಅವರು ಸಿಮೆಂಟಿನಲ್ಲಿ ನಿಲ್ಲಿಸಿದ್ದು ಒಂದು ಇಡೀ ಊರನ್ನು: ವಾಡೆ, ಬಡಿಗ, ಕಮ್ಮಾರ, ನೇಕಾರ, ದನಕರು, ಎಲ್ಲವೂ ಆಳೆತ್ತರದಲ್ಲಿ. ರಾಜ್‌ಕುಮಾರ್ ಪಾತ್ರಗಳಿಗೂ ಒಂದು ಜಾಗವಿದೆ. ನಮ್ಮ ಹುಡುಗರು ಹೆಚ್ಚು ಹೊತ್ತು ನಿಂತದ್ದು ಅಲ್ಲಿ.

ನೋಡಿದ್ದು ಹಿಡಿಸಿತು ಎಂದೇ ಹೇಳಬೇಕು. ಪಟಗ ಸುತ್ತಿದ ರೀತಿ, ಸೀರೆಯ ಕಚ್ಚೆ, ಕಟ್ಟೆಯ ಮೇಲೆ ಕುಳಿತವರ ಮೊಣಕಾಲು, ಯಾವುದೂ ಪುಸ್ತಕ ನೋಡಿ ಮಾಡಿದ್ದಲ್ಲ. ನಮ್ಮ ಅವ್ವ ಒಂದು ಹೆಂಗಸಿನ ಮುಂದೆ ನಿಂತು, ‘ಥೇಟ್ ನಮ್ಮ ಅತ್ತಿ’ ಎಂದು ಸೆರಗು ಸರಿಮಾಡಿಕೊಂಡರು. ಆದರೂ ಏನೋ ಕಡಿಮೆ ಅನ್ನಿಸುತ್ತಲೇ ಇತ್ತು. ಊರು ಇದೆ, ಸಪ್ಪಳ ಇಲ್ಲ. ಕಮ್ಮಾರಸಾಲೆಯಲ್ಲಿ ಹೊಗೆಯಿಲ್ಲ.

ಕುಂಬಾರನ ಸುತ್ತ ಕಾಲೇಜು ಹುಡುಗ ಹುಡುಗಿಯರು ಮುತ್ತಿದ್ದರು. ಒಬ್ಬ ತಿಗರಿಗೇ ಕೈಹಚ್ಚಿ ಸೆಲ್ಫಿಗೆ ನಿಂತ. ನನ್ನ ಸರದಿ ಕಾಯುತ್ತಿದ್ದಾಗ ಸಣ್ಣವನು ಐಸ್‌ಕ್ರೀಮಿಗೆ ಹಟ ಹಿಡಿದ, ಬುತ್ತಿ ಬಿಚ್ಚುವ ಹೊತ್ತಾಯಿತು, ಮೋಡವೂ ಕವಿಯಿತು. ಕಾರು ಹತ್ತಿದ ಮೇಲೆಯೇ ನೆನಪಾದದ್ದು.

ಸಂಜೆ ದುರ್ಗದಬೈಲಿಗೆ ಎತ್ತು ಕೊಳ್ಳಲು ಹೋದೆ. ಪಕ್ಕದ ಅಂಗಡಿಯಲ್ಲಿ ಬಣ್ಣ ಬಳಿದ ಅಚ್ಚಿನ ಎತ್ತುಗಳ ಮುಂದೆ ಜನ ತುಂಬಿದ್ದರು. ಆಯಿಯ ಎತ್ತುಗಳು ಅಷ್ಟೇನೂ ಕರಗಿರಲಿಲ್ಲ. ಇನ್ನು ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ, ದೀಪಾವಳಿಗೆ ಪಣತಿ. ಅವರ ವರ್ಷ ಈಗಷ್ಟೇ ಸುರುವಾಗಿದೆ. ಬೇಸಿಗೆಯ ಹರವಿ ಮಾತ್ರ ಯಾರೂ ಕೇಳುವುದಿಲ್ಲವಂತೆ, ಮಗ ಆಟೋ ಹೊಡೆಯುತ್ತಾನಂತೆ. ಒಂದು ಜೋಡಿ ಆರಿಸಿದೆ. ಕಾಲು ಮುರಿದದ್ದೊಂದನ್ನು ಬದಿಗಿಟ್ಟೆ.

‘ಇರ್ಲಿ ಬಿಡು, ಕುಂಟೆತ್ತಂತ ಹುಡುಗ್ರು ಒಯ್ತಾರ. ನಾಡದ ಜ್ವಾಳ ಬೇಡಾಕ ಬೇಕಲ್ಲ’ ಎಂದರು. ಆಮೇಲೆ, ‘ನೋಡಿದ್ಯೇನ, ಕೈ?’

ಮರೆತೆ ಎಂದೆ. ಆಯಿ ಬಾಯಿಗೆ ಸೆರಗು ಹಚ್ಚಿ ನಕ್ಕರು.

‘ಸಿಮೆಂಟಿಂದಲ್ಲೋ, ಎಲ್ಲಿ ಹೋಗತೈತಿ? ಮತ್ತ ಹೋದಾಗ ನೋಡು.’

ನಾಲ್ಕು ಹನಿ ಬಿದ್ದವು. ಆಯಿ ಗಡಬಡಿಸಿ ಎದ್ದು ಎತ್ತುಗಳ ಮೇಲೆ ಪ್ಲಾಸ್ಟಿಕ್ ಎಳೆದರು. ಒಂದು ತುದಿ ನಾನು ಹಿಡಿದುಕೊಂಡೆ.