‘ಪ್ರಿಸೈಡ್’ ಎಂಬ ಕ್ರಿಯಾಪದ: ಅರ್ಥ, ಗುಜರಾತಿ ರೂಪ ಮತ್ತು ವ್ಯವಹಾರದಲ್ಲಿ ಅದರ ಮಹತ್ವ

ಸೂರತ್‌ನ ಬಟ್ಟೆ, ಮೊರ್ಬಿಯ ಟೈಲ್ಸ್, ರಾಜಕೋಟ್‌ನ ಯಂತ್ರಭಾಗ ಮುಂತಾದ ಸರಕುಗಳ ನಿಮಿತ್ತ ನಮ್ಮ ರಾಜ್ಯದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಗುಜರಾತಿನೊಡನೆ ನಿಕಟ ಸಂಪರ್ಕವಿರುತ್ತದೆ. ಅಲ್ಲಿನ ವರ್ತಕ ಮಂಡಳಿಗಳ ಆಮಂತ್ರಣ, ಸುತ್ತೋಲೆ ಮತ್ತು ಸಭಾ ನಡವಳಿಗಳು ಹಲವು ವೇಳೆ ಗುಜರಾತಿಯಲ್ಲಿಯೇ ಇರುತ್ತವೆ. ಸಂಸ್ಕೃತಮೂಲದ ಪದಗಳು ಎರಡೂ ಭಾಷೆಗಳಲ್ಲಿ ಹೇರಳವಾಗಿರುವುದರಿಂದ ಅರ್ಥವಾಯಿತೆಂದು ಭಾವಿಸುವುದು ಸಹಜ. ಆದರೆ ಪದ ಒಂದೇ ಆಗಿದ್ದು ಅರ್ಥ ಬೇರೆಯಾದಾಗ ತೊಡಕು ಉಂಟಾಗುತ್ತದೆ. ಇಂಗ್ಲಿಷಿನ ‘ಪ್ರಿಸೈಡ್’ ಎಂಬ ಕ್ರಿಯಾಪದದ ಅನುವಾದ ಇದಕ್ಕೆ ಉತ್ತಮ ನಿದರ್ಶನ.

ಪದದ ಮೂಲ

‘ಪ್ರಿಸೈಡ್’ ಎಂಬುದು ಲ್ಯಾಟಿನ್ ಭಾಷೆಯಿಂದ ಬಂದ ಪದ. ‘ಮುಂದೆ ಕುಳಿತುಕೊಳ್ಳುವುದು’ ಎಂಬುದು ಅದರ ಮೂಲಾರ್ಥ. ‘ಪ್ರೆಸಿಡೆಂಟ್’ ಎಂಬ ನಾಮಪದವೂ ಅದೇ ಮೂಲದ್ದು. ಸಭೆಯನ್ನು ಕ್ರಮಬದ್ಧವಾಗಿ ನಡೆಸುವ ಹೊಣೆ ಹೊತ್ತು ಅಧಿಕಾರಸ್ಥಾನದಲ್ಲಿ ಕುಳಿತುಕೊಳ್ಳುವುದು ಎಂಬುದು ಇಂದಿನ ಅರ್ಥ. ಕನ್ನಡದಲ್ಲಿ ಇದಕ್ಕೆ ‘ಅಧ್ಯಕ್ಷತೆ ವಹಿಸು’ ಎಂಬ ರೂಪ ರೂಢಿಯಲ್ಲಿದೆ. ಮತಗಟ್ಟೆಯ ‘ಅಧ್ಯಕ್ಷಾಧಿಕಾರಿ’ ಎಂಬಲ್ಲಿಯೂ ಇದೇ ಭಾವವಿದೆ.

‘ಅಧ್ಯಕ್ಷ’ ಎಂದರೆ ಮೇಲಿನಿಂದ ಕಣ್ಣಿಟ್ಟು ನೋಡುವವನು, ಮೇಲ್ವಿಚಾರಕ. ಈ ಪದಕ್ಕೂ ವ್ಯಾಪಾರಕ್ಕೂ ಪ್ರಾಚೀನ ಸಂಬಂಧವಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಯವರು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯಾಪಾರಕ್ಕೆ ಪಣ್ಯಾಧ್ಯಕ್ಷ, ಸುಂಕಕ್ಕೆ ಶುಲ್ಕಾಧ್ಯಕ್ಷ, ತೂಕ-ಅಳತೆಗೆ ಪೌತವಾಧ್ಯಕ್ಷ ಎಂಬ ಅಧಿಕಾರಿಗಳ ಪ್ರಸ್ತಾಪವಿದೆ. ಅಧ್ಯಕ್ಷತೆ ಎಂಬುದು ಗೌರವ ಮಾತ್ರವಲ್ಲ, ಕರ್ತವ್ಯವೂ ಹೌದು ಎಂಬುದನ್ನು ಇದು ನೆನಪಿಸುತ್ತದೆ.

ಗುಜರಾತಿಯಲ್ಲಿ

ಗುಜರಾತಿಯಲ್ಲಿ ‘ಪ್ರಿಸೈಡ್’ ಎಂಬುದಕ್ಕೆ ಎರಡು ಬಗೆಯ ರೂಪಗಳಿವೆ. ಒಂದು, ‘ಅಧ್ಯಕ್ಷಸ್ಥಾನ ಲೇವುಂ’, ಅಂದರೆ ಅಧ್ಯಕ್ಷಸ್ಥಾನ ಸ್ವೀಕರಿಸುವುದು. ಇನ್ನೊಂದು, ‘ಪ್ರಮುಖಸ್ಥಾನ ಲೇವುಂ’ ಅಥವಾ ‘ಪ್ರಮುಖಪದ ಸಂಭಾಳವುಂ’. ಮೊದಲನೆಯದು ಕನ್ನಡಿಗರಿಗೆ ಸುಲಭ. ಎರಡನೆಯದರಲ್ಲಿಯೇ ಎಚ್ಚರ ಅಗತ್ಯ.

ಕನ್ನಡದಲ್ಲಿ ‘ಪ್ರಮುಖ’ ಎಂದರೆ ಮುಖ್ಯವಾದ, ಹೆಸರಾಂತ. ಗುಜರಾತಿಯಲ್ಲಿ ಈ ಅರ್ಥದ ಜೊತೆಗೆ ಅದು ಪದನಾಮವೂ ಆಗಿದೆ. ಸಂಘ, ಮಂಡಳಿ, ನಗರಪಾಲಿಕೆ, ಜಿಲ್ಲಾ ಪಂಚಾಯತಿಗಳ ಅಧ್ಯಕ್ಷರನ್ನು ಅಲ್ಲಿ ‘ಪ್ರಮುಖ’ ಎಂದೇ ಕರೆಯುತ್ತಾರೆ. ಆದುದರಿಂದ ಆಮಂತ್ರಣದಲ್ಲಿ ಒಬ್ಬರ ಹೆಸರಿನ ಜೊತೆ ‘ಪ್ರಮುಖಸ್ಥಾನೇ’ ಎಂದಿದ್ದರೆ, ಅವರು ಸಭೆಯ ಗಣ್ಯ ಅತಿಥಿಗಳಲ್ಲಿ ಒಬ್ಬರೆಂದಲ್ಲ, ಸಭೆಯ ಅಧ್ಯಕ್ಷತೆ ವಹಿಸುವವರೆಂದು ತಿಳಿಯಬೇಕು.

ಇಂತಹ ಇನ್ನೂ ಕೆಲವು ಪದಗಳುಂಟು. ಗುಜರಾತಿ ಸಂಘಸಂಸ್ಥೆಗಳಲ್ಲಿ ‘ಮಂತ್ರಿ’ ಎಂದರೆ ಕಾರ್ಯದರ್ಶಿ. ‘ಮಾನದ ಮಂತ್ರಿ’ ಎಂದರೆ ಗೌರವ ಕಾರ್ಯದರ್ಶಿಯೇ ಹೊರತು ಸರ್ಕಾರದ ಸಚಿವರಲ್ಲ. ‘ಮಹಾಜನ’ ಎಂದರೆ ವರ್ತಕರ ಸಂಘ ಎಂಬ ಅರ್ಥ ಅಲ್ಲಿ ಬಹುಕಾಲದಿಂದ ಇದೆ. ‘ಠರಾವ’ ಎಂದರೆ ನಿರ್ಣಯ. ಉತ್ತರ ಕರ್ನಾಟಕದಲ್ಲಿ ‘ಠರಾವು’ ಎಂದು ಬಳಸುವವರಿಗೆ ಇದು ಹೊಸದಲ್ಲ.

ಕಾನೂನಿನ ದೃಷ್ಟಿಯಲ್ಲಿ

ಈ ಅನುವಾದದ ಪ್ರಶ್ನೆ ಕೇವಲ ಭಾಷೆಗೆ ಸಂಬಂಧಿಸಿದ್ದಲ್ಲ. ಕಂಪನಿಯ ಸಭೆಯಲ್ಲಿ ಅಧ್ಯಕ್ಷತೆ ವಹಿಸಿದವರು ಯಾರು ಎಂಬುದಕ್ಕೆ ಕಾನೂನಿನ ಮಹತ್ವವಿದೆ. 2013ರ ಕಂಪನಿ ಕಾಯ್ದೆಯ 104ನೆಯ ಕಲಮಿನಂತೆ, ಕಂಪನಿಯ ಅಂತರ್ನಿಯಮಗಳು ಬೇರೆ ರೀತಿ ಹೇಳದಿದ್ದಲ್ಲಿ, ಖುದ್ದಾಗಿ ಹಾಜರಿರುವ ಸದಸ್ಯರು ತಮ್ಮಲ್ಲೊಬ್ಬರನ್ನು ಕೈ ಎತ್ತುವ ಮೂಲಕ ಆ ಸಾಮಾನ್ಯ ಸಭೆಯ ಅಧ್ಯಕ್ಷರನ್ನಾಗಿ ಆರಿಸಬೇಕು. ಅಂದರೆ ಅಧ್ಯಕ್ಷ ಪದವಿ ಹೊಂದಿರುವವರು ಬೇರೆ, ನಿರ್ದಿಷ್ಟ ಸಭೆಯ ಅಧ್ಯಕ್ಷತೆ ವಹಿಸಿದವರು ಬೇರೆ ಆಗಿರುವ ಸಾಧ್ಯತೆಯಿದೆ. ‘ಪ್ರಿಸೈಡ್’ ಎಂಬುದು ಈ ಎರಡನೆಯ ಕಾರ್ಯವನ್ನು ಸೂಚಿಸುತ್ತದೆ.

ಕೋರಂ ಇದೆಯೇ ಎಂದು ನೋಡುವುದು, ವಿಷಯಗಳನ್ನು ಕ್ರಮವಾಗಿ ಚರ್ಚೆಗೆ ತೆಗೆದುಕೊಳ್ಳುವುದು, ಮತಕ್ಕೆ ಹಾಕುವುದು, ಫಲಿತಾಂಶ ಘೋಷಿಸುವುದು ಅವರ ಕೆಲಸ. ಮಾನಹಾನಿಕರ, ಅಪ್ರಸ್ತುತ ಅಥವಾ ಕಂಪನಿಯ ಹಿತಕ್ಕೆ ಬಾಧಕವಾದ ಸಂಗತಿಗಳನ್ನು ನಡವಳಿಯಿಂದ ಹೊರಗಿಡುವ ವಿವೇಚನಾಧಿಕಾರವನ್ನು 118ನೆಯ ಕಲಮು ಅವರಿಗೆ ನೀಡಿದೆ. ಕಾಯ್ದೆಯ ಮೊದಲನೆಯ ಅನುಸೂಚಿಯ ‘ಎಫ್’ ತಖ್ತೆಯ ಮಾದರಿ ನಿಯಮಗಳನ್ನು ಅಳವಡಿಸಿಕೊಂಡ ಕಂಪನಿಯಲ್ಲಿ, ನಿರ್ದೇಶಕ ಮಂಡಳಿಯ ಸಭೆಯಲ್ಲಿ ಮತಗಳು ಸಮನಾದಾಗ ಮಂಡಳಿಯ ಅಧ್ಯಕ್ಷರಿಗೆ ನಿರ್ಣಾಯಕ ಮತವಿರುತ್ತದೆ.

ಈಗ ಒಂದು ಸಂದರ್ಭವನ್ನು ಊಹಿಸಬಹುದು. ಬೆಂಗಳೂರಿನ ಇಬ್ಬರು ಮತ್ತು ರಾಜಕೋಟ್‌ನ ಇಬ್ಬರು ನಿರ್ದೇಶಕರಿರುವ ಖಾಸಗಿ ಕಂಪನಿಯೊಂದರಲ್ಲಿ ಸಾಲ ಪಡೆಯುವ ನಿರ್ಣಯಕ್ಕೆ ಮತಗಳು ಸಮನಾಗಿ ಬಿದ್ದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಅಂಗೀಕಾರವಾಗಿದೆ. ಗುಜರಾತಿ ಕರಡಿನಲ್ಲಿ ‘ಸಭಾನುಂ ಪ್ರಮುಖಸ್ಥಾನ ಸಂಭಾಳ್ಯುಂ’ ಎಂದಿರುವುದನ್ನು ಕನ್ನಡಕ್ಕೆ ‘ಪ್ರಮುಖ ಸ್ಥಾನದಲ್ಲಿದ್ದರು’ ಎಂದು ತಂದರೆ, ನಿರ್ಣಾಯಕ ಮತ ಯಾರದು, ನಡವಳಿಗೆ ಸಹಿ ಹಾಕಬೇಕಾದವರು ಯಾರು ಎಂಬುದು ಆ ಪ್ರತಿಯಿಂದ ತಿಳಿಯುವುದಿಲ್ಲ. ಬ್ಯಾಂಕು ಪ್ರಶ್ನಿಸಿದಾಗ ಸಾಲದ ಮಂಜೂರಾತಿಯೇ ತಡವಾದೀತು. ‘ಸಭೆಯ ಅಧ್ಯಕ್ಷತೆ ವಹಿಸಿದ್ದರು’ ಎಂದು ಬರೆದರೆ ಸಂದೇಹಕ್ಕೆ ಅವಕಾಶವಿರುವುದಿಲ್ಲ.

ಪಾಲಿಸಬೇಕಾದ ಕ್ರಮ

ಗುಜರಾತಿ ಕಾಗದಪತ್ರಗಳು ಬಂದಾಗ ಪದನಾಮಗಳನ್ನು ಅಕ್ಷರಶಃ ನಕಲು ಮಾಡದೆ, ಆ ವ್ಯಕ್ತಿಯ ಕಾರ್ಯವೇನೆಂದು ವಿಚಾರಿಸಿ ಕನ್ನಡದ ಪದವನ್ನು ಬಳಸುವುದು ಸೂಕ್ತ. ಗಣಕಯಂತ್ರದ ಅನುವಾದವನ್ನು ಎರಡೂ ಭಾಷೆ ಬಲ್ಲವರಿಂದ ಒಮ್ಮೆ ಪರಿಶೀಲಿಸಿಕೊಳ್ಳಬೇಕು. ನಡವಳಿಯ ಮೊದಲ ಸಾಲಿನಲ್ಲಿಯೇ ಅಧ್ಯಕ್ಷತೆ ವಹಿಸಿದವರ ಹೆಸರನ್ನೂ, ಅವರು ಪದವಿಯ ಬಲದಿಂದಲೋ ಆ ದಿನದ ಆಯ್ಕೆಯಿಂದಲೋ ಆ ಸ್ಥಾನದಲ್ಲಿ ಕುಳಿತರೆಂಬುದನ್ನೂ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಈ ಒಂದು ಸಾಲು ಸರಿಯಾಗಿದ್ದರೆ ಮುಂದಿನ ಅನೇಕ ವಿವಾದಗಳು ತಪ್ಪುತ್ತವೆ.