ನಿಮಗಿದು ಗೊತ್ತೆ? ನೀಲಿ ಟಿಕ್ ಹೇಳುವುದೇನು?

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸಂದೇಶದ ಪಕ್ಕ ಪುಟ್ಟ ಗಡಿಯಾರ ಕಂಡರೆ, ಅದಿನ್ನೂ ನಿಮ್ಮ ಫೋನ್ ಬಿಟ್ಟು ಹೊರಟಿಲ್ಲ ಎಂದರ್ಥ. ಒಂದು ಬೂದು ಟಿಕ್ ಬಂದರೆ ಸರ್ವರ್‌ಗೆ ಹೋಗಿದೆ. ಎರಡು ಬಂದರೆ ಅವರ ಫೋನ್‌ಗೆ ತಲುಪಿದೆ. ಎರಡೂ ನೀಲಿಯಾದರೆ ಓದಿದ್ದಾರೆ. ಈ ನೀಲಿ ಟಿಕ್ ಬಂದದ್ದು 2014ರ ನವೆಂಬರ್‌ನಲ್ಲಿ.

ಒಂದೇ ಟಿಕ್‌ನಲ್ಲಿ ನಿಂತರೆ ‘ಬ್ಲಾಕ್ ಮಾಡಿಬಿಟ್ಟರು’ ಎಂದು ನೊಂದುಕೊಳ್ಳಬೇಡಿ. ಫೋನ್ ಸ್ವಿಚ್ ಆಫ್ ಆಗಿರಬಹುದು, ಘಾಟಿ ಇಳಿಯುವ ಬಸ್ಸಿನಲ್ಲಿ ನೆಟ್‌ವರ್ಕ್ ಸಿಗದಿರಬಹುದು. ಅಂಥ ಸಂದೇಶ ಸರ್ವರ್‌ನಲ್ಲಿ 30 ದಿನ ಕಾಯುತ್ತದೆ. ಅಷ್ಟರೊಳಗೆ ತಲುಪದಿದ್ದರೆ ಅಳಿಸಿಹೋಗುತ್ತದೆ.

ಗ್ರೂಪ್‌ನಲ್ಲಿ ಎಲ್ಲರೂ ಓದುವವರೆಗೆ ಟಿಕ್ ನೀಲಿಯಾಗದು. ಯಾರ್‍ಯಾರು ಓದಿದ್ದಾರೆಂದು ತಿಳಿಯಲು ನಿಮ್ಮ ಸಂದೇಶವನ್ನು ಒತ್ತಿಹಿಡಿದು ‘ಇನ್ಫೋ’ ನೋಡಿ.

‘ರೀಡ್ ರಿಸೀಟ್ಸ್’ ಆಫ್ ಮಾಡಿಕೊಂಡವರು ಓದಿದರೂ ಟಿಕ್ ಬೂದಾಗಿಯೇ ಉಳಿಯುತ್ತದೆ. ಆದರೆ ಬೇರೆಯವರು ಓದಿದ್ದೂ ಅವರಿಗೆ ಕಾಣದು. ಗ್ರೂಪ್‌ಗಳಿಗೆ ಮಾತ್ರ ಈ ಸೌಲಭ್ಯ ಇಲ್ಲ.

ನೀಲಿ ಟಿಕ್ ಹೇಳುವುದು ಚಾಟ್ ತೆರೆದಿದ್ದಾರೆ ಎಂದಷ್ಟೇ; ಉತ್ತರಿಸಲು ಅವರಿಗೆ ಬಿಡುವಿದೆ ಎಂದಲ್ಲ. ಆಸ್ಪತ್ರೆಯ ಸಾಲಿನಲ್ಲೋ ಮಗುವನ್ನು ಮಲಗಿಸುತ್ತಲೋ ಓದಿರಬಹುದು. ತಡವಾದ ಉತ್ತರವನ್ನು ತಾತ್ಸಾರವೆಂದು ತಿಳಿಯಬೇಡಿ. ತುರ್ತಿದ್ದರೆ ಒಂದು ಫೋನ್ ಮಾಡಿ.